ಗಿರಣಿ ಅಕ್ಕನ ಮದುವೆ ಸೀಡಿ

ಸಿಂಧನೂರಿನ ನನ್ನ ಸ್ಟುಡಿಯೋಕ್ಕೆ ಈಗ ಸೀಡಿ ಕೇಳಿಕೊಂಡು ಯಾರೂ ಬರುವುದಿಲ್ಲ. ಅಕ್ಷತೆ ಬಿದ್ದ ಸಂಜೆಯೇ ಮಂದಿಗೆ ವಿಡಿಯೋ ಫೋನಿನಲ್ಲಿ ಬೇಕು. ಡಿಸ್ಕ್ ಬರೆಯುವ ಡ್ರೈವ್ ಹಳೆಯ ಕಂಪ್ಯೂಟರಿನಲ್ಲಿ ಒಂದು ಉಳಿದಿದೆ, ಅದರ ಬಾಗಿಲು ತೆರೆಯಬೇಕಾದರೆ ಸೂಜಿ ಚುಚ್ಚಬೇಕು. ಹಾಗಾಗಿ ಹೋದ ವರ್ಷ ಒಬ್ಬ ಹೆಂಗಸು ಸ್ಟೀಲಿನ ಡಬ್ಬಿ ತೆರೆದು, ಕರವಸ್ತ್ರದಲ್ಲಿ ಸುತ್ತಿದ್ದ ಸೀಡಿ ತೆಗೆದು ನನ್ನ ಮೇಜಿನ ಮೇಲಿಟ್ಟಾಗ ನನಗೆ ಸಂತೋಷವೇನೂ ಆಗಲಿಲ್ಲ. ಇದು ಅರ್ಧ ದಿನ ತಿನ್ನುವ ಕೆಲಸ ಎಂದು ನೋಡಿದ ಕೂಡಲೇ ತಿಳಿಯಿತು. ಆಮೇಲೆ ಅದು ಒಂದೂವರೆ ತಿಂಗಳು ತಿಂದಿತು.

ಆಕೆ ಮಸ್ಕಿಯವಳು. ವಯಸ್ಸು ಐವತ್ತರ ಹತ್ತಿರ. ಹುಬ್ಬಿನ ಕೂದಲಲ್ಲಿ, ಕಿವಿಯ ಹಿಂದೆ ಜೋಳದ ಹಿಟ್ಟು ಸಣ್ಣಗೆ ಕೂತಿತ್ತು. ಮನೆಯ ಮುಂದೆಯೇ ಹಿಟ್ಟಿನ ಗಿರಣಿ ಇದೆ, ಮಸ್ಕಿಯಲ್ಲಿ ಕರೆಂಟು ತೆಗೆಯುವ ದಿನ ನೋಡಿಕೊಂಡು ಬಸ್ಸು ಹತ್ತಿ ಬಂದಿದ್ದೇನೆ ಎಂದಳು. ಸೀಡಿಯ ಮೇಲಿನ ಕಾಗದದಲ್ಲಿ ಲಿಂಗಸೂಗೂರಿನ ಒಂದು ಸ್ಟುಡಿಯೋದ ಹೆಸರಿತ್ತು. ಸ್ವಂತ ಅಂಗಡಿ ಹಾಕುವ ಮೊದಲು ನಾನು ಕ್ಯಾಮೆರಾ ಹಿಡಿಯುತ್ತಿದ್ದದ್ದು ಅದೇ ಸ್ಟುಡಿಯೋದಲ್ಲಿ. ಇಪ್ಪತ್ತೈದು ವರ್ಷವಾಗಿದೆ.

“ಇದರಾಗ ಎರಡ ಕೆಲಸ ಅದಾವ್ರೀ ಅಣ್ಣಾರ,” ಎಂದಳು. “ಒಂದು, ನಡಬರಕ ಸಿಕ್ಕೊಂತೈತಿ. ಇನ್ನೊಂದು, ಬಾಗಲಾಗ ನಮ್ಮ ಯಜಮಾನ್ರು ಒಡಪು ಹಾಕಿ ನನ್ನ ಹೆಸರ ಹೇಳ್ಯಾರ. ಬಾಯಿ ಆಡೂದು ಕಾಣಸ್ತೈತಿ, ಆವಾಜ ಬರಂಗಿಲ್ಲ. ಅದರ ಮ್ಯಾಲ ಸಿನಿಮಾದ ಹಾಡ ಹಾಕ್ಯಾರ. ಆ ಹಾಡ ತಗದು ಅವರ ಆವಾಜ ಕೊಡ್ರಿ.”

ನಮ್ಮ ಕಡೆ ಮದುಮಕ್ಕಳು ಮನೆಯೊಳಗೆ ಬರುವಾಗ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಲ್ಲುತ್ತಾರೆ. ಗಂಡ ಹೆಂಡತಿಯ ಹೆಸರನ್ನು, ಹೆಂಡತಿ ಗಂಡನ ಹೆಸರನ್ನು ಎರಡು ಸಾಲು ಪ್ರಾಸ ಕಟ್ಟಿ ಹೇಳಿದ ಮೇಲೆಯೇ ಒಳಗೆ ಬಿಡುವುದು. ಅದಕ್ಕೇ ಒಡಪು ಅನ್ನುವುದು. ಮದುವೆ ವಿಡಿಯೋದಲ್ಲಿ ಜೀವವಿರುವ ಜಾಗವೆಂದರೆ ಅದೊಂದೇ. ನಾವು ಕ್ಯಾಮೆರಾದವರು ಬುದ್ಧಿವಂತರು, ಸರಿಯಾಗಿ ಅದರ ಮೇಲೆಯೇ ಹಾಡು ಹಾಕುತ್ತಿದ್ದೆವು. ಮಂದಿಯ ಮಾತನ್ನು ಗದ್ದಲ ಅನ್ನುತ್ತಿದ್ದೆವು. ಗದ್ದಲ ತೆಗೆದು ಹಾಡು ಕೂಡಿಸುವ ಕೆಲಸಕ್ಕೆ ಮಿಕ್ಸಿಂಗ್ ಎಂದು ಹೆಸರು, ಯಾರ ಮಿಕ್ಸಿಂಗ್ ಚೆಂದ ಎಂದು ನಮ್ಮ ನಮ್ಮಲ್ಲೇ ಪೈಪೋಟಿ ಬೇರೆ.

“ಹಾಡು ಮಾತು ಕೂಡಿದ ಮ್ಯಾಲ ಬ್ಯಾರೆ ಮಾಡಾಕ ಬರಂಗಿಲ್ಲ ಅಕ್ಕಾರ,” ಎಂದೆ. “ಮೊಸರನ್ನ ಕಲಸಿದ ಮ್ಯಾಲ ಮೊಸರ ತಿರುಗಿ ಗಡಿಗಿಗಿ ಹಾಕಾಕ ಆಗತೈತೇನು?”

ಆಕೆ ನಗಲಿಲ್ಲ. “ನೋಡ್ರಿ ಒಮ್ಮಿ,” ಎಂದಳು.

ಯಜಮಾನರಿಗೆ ಎಂಟು ವರ್ಷದ ಹಿಂದೆ ಲಕ್ವಾ ಹೊಡೆದಿದೆ. ಬಲಗೈ, ಬಲಗಾಲು ಹೋಗಿವೆ, ಮಾತೂ ಹೋಗಿದೆ. ತಿಳುವಳಿಕೆ ಎಲ್ಲ ಸರಿಯಿದೆ, ಬಾಯಿಂದ ಶಬ್ದ ಹೊರಡುವುದಿಲ್ಲ. ಫೋನಿನಲ್ಲಿ ಅವರ ದನಿ ಎಲ್ಲಾದರೂ ಇದ್ದೀತಲ್ಲ ಎಂದು ಕೇಳಿದೆ. “ಫೋಟೋ ಅದಾವ. ಮಾತಾಡೋ ಮನಷ್ಯಾನ ಆವಾಜ ಯಾರ ತುಂಬಿ ಇಟಗೋತಾರ್ರೀ?” ಎಂದಳು. ನಾನು ಸೀಡಿಯನ್ನು ಬೆಳಕಿಗೆ ಹಿಡಿದು ಗೀರು ನೋಡಿದೆ.

ಸೀಡಿಯನ್ನು ಸೋಪಿನ ನೀರಿನಲ್ಲಿ ತೊಳೆದು, ನಡುವಿನಿಂದ ಅಂಚಿಗೆ ನೇರ ಒರೆಸಿದೆ. ಸುತ್ತಲೂ ಉಜ್ಜಿದರೆ ಗೀರು ಹೆಚ್ಚುತ್ತದೆ. ಡ್ರೈವು ಎರಡು ಸಲ ನರಳಿ ಕೈಬಿಟ್ಟು, ಮೂರನೇ ಸಲಕ್ಕೆ ಪೂರ್ತಿ ಓದಿತು. ಆಕೆ ಬಂದ ಹೊತ್ತಿನಲ್ಲೇ ಅಲ್ಲ, ಮರುದಿನ, ಅಂಗಡಿಯಲ್ಲಿ ಒಬ್ಬನೇ ಇದ್ದಾಗ ಆ ಬಾಗಿಲಿನ ದೃಶ್ಯ ಹಾಕಿ ಕೇಳಿದೆ. ಮೇಜಿನ ಮೇಲಿನ ಸ್ಪೀಕರುಗಳಲ್ಲಿ ಹಾಡು ಜೋರಾಗಿ ಬಂತು. ಅದರ ಜೊತೆಗೆ ಹೆಂಗಸರ ನಗೆ, ಒಬ್ಬ ಗಂಡಸಿನ ದನಿಯೂ ಇತ್ತು. ಹಾಡಿನ ಅಬ್ಬರದಲ್ಲಿ ಶಬ್ದ ಬಿಡಿಸಿಕೊಳ್ಳುವುದು ಕಷ್ಟ, ಆದರೆ ದನಿ ಇತ್ತು. ನನಗೆ ಹಗುರಾಯಿತು. ಫೋನು ಮಾಡಿ ಹೇಳಿದೆ. “ಹಾಡಿನ ಸಂಗಾಟ ಇದ್ದರೂ ನಡೀತೈತಿ, ಕೇಳಿದರ ಸಾಕು,” ಎಂದಳು.

ಆಕೆಯದು ಗುಂಡಿ ಒತ್ತುವ ಫೋನು. ಮನೆಯಲ್ಲಿ ಹಿಂದೆ ಉಬ್ಬಿದ ಹಳೆಯ ಟೀವಿ, ಅದರ ಜೊತೆಗೆ ಒಂದು ಡೀವಿಡಿ ಪ್ಲೇಯರು. ಮುದಗಲ್ಲಿಗೆ ಕೊಟ್ಟ ಮಗಳು ತನ್ನ ಫೋನಿಗೆ ಹಾಕಿಸಿಕೊಳ್ಳುತ್ತೇನೆ ಎಂದಿದ್ದಳಂತೆ, ಆಕೆ ಒಪ್ಪಿರಲಿಲ್ಲ. ತನಗೆ ಬೇಕೆನಿಸಿದಾಗ ತಾನೇ ಹಾಕಿ ನೋಡಬೇಕು, ಇನ್ನೊಬ್ಬರ ಕೈ ಕಾಯಬಾರದು. ಅದು ನನಗೂ ಸರಿ ಅನಿಸಿತು.

ಮೊದಲು ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟೆ. ಪ್ಲೇಯರಿಗೆ ಅದರ ತೂತು ಇದೆ, ಆದರೆ ಈಗಿನ ನಮೂನೆಯ ಫೈಲು ಅದಕ್ಕೆ ಅರ್ಥವಾಗದು. ಫೈಲಿನ ಹೆಸರು ತೋರಿಸಿ ಸುಮ್ಮನೆ ನಿಂತಿತಂತೆ. ಎರಡನೇ ಸಲ ಡೀವಿಡಿ ಬರೆದೆ. ಬರೆಯುವ ಸಾಫ್ಟ್‌ವೇರ್ ತನ್ನಷ್ಟಕ್ಕೆ ಬೇರೆ ದೇಶದ ಟೀವಿಯ ಪದ್ಧತಿ ಹಿಡಿದುಕೊಂಡದ್ದನ್ನು ನಾನು ನೋಡಿಕೊಳ್ಳಲಿಲ್ಲ. ಆಕೆಯ ಟೀವಿಯಲ್ಲಿ ಮದುವೆ ಕಪ್ಪು ಬಿಳುಪಾಗಿ, ಒಂದೇ ಸಮನೆ ಕೆಳಗಿನಿಂದ ಮೇಲಕ್ಕೆ ಉರುಳಿತಂತೆ. “ನಮ್ಮ ಮಾವ ಮ್ಯಾಲ ಹೋಗಿ ಮತ್ತ ಕೆಳಗ ಬರಾಕತ್ತಾರ್ರೀ,” ಎಂದು ಫೋನಿನಲ್ಲಿ ಹೇಳಿದಾಗ ನಾನು ನಕ್ಕೆ, ಆಕೆಯೂ ನಕ್ಕಳು. ಮೂವತ್ತು ವರ್ಷ ಈ ಕಸುಬು ಮಾಡಿದವನು ಮಾಡುವ ತಪ್ಪಲ್ಲ ಅದು. ಸೆಕೆಂಡಿಗೆ ಇಪ್ಪತ್ತೈದು ಚಿತ್ರದ ನಮ್ಮ ಪದ್ಧತಿಗೆ ತಿರುಗಿಸಿ, ಅವಸರ ಮಾಡದೆ ಕಡಿಮೆ ವೇಗದಲ್ಲಿ ಮತ್ತೊಂದು ಬರೆದೆ. ತೆಗೆದುಕೊಂಡು ಹೋಗಲು ಬಂದಾಗ, ಸ್ಪೀಕರಿಗೆ ಹಾಕಿ ಕೇಳಿಸಲೇ ಎಂದು ಕೇಳಿದೆ.

“ಇಲ್ಲಿ ಬ್ಯಾಡ್ರೀ,” ಎಂದು ಆಚೀಚೆ ಕೂತ ಗಿರಾಕಿಗಳ ಕಡೆ ನೋಡಿದಳು. “ಮನ್ಯಾಗ ನಮ್ಮ ಯಜಮಾನ್ರ ಮುಂದ ಕೇಳ್ತೀನಿ.”

ಮರುದಿನ ಫೋನು ಬಂತು. ಚಿತ್ರ ಬಂಗಾರದಂತೆ ಬಂದಿದೆ, ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಆದರೆ ಬರೀ ಹಾಡು. ದನಿ ಇಲ್ಲ.

ನನಗೆ ಸಿಟ್ಟು ಬಂತು. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ? ನಾನು ಕಿವಿಯಾರೆ ಕೇಳಿದ್ದೆ. ಮತ್ತೆ ಹಾಕಿ ಕೇಳಿದೆ, ದನಿ ಇದೆ. ಪ್ಲೇಯರಿಗೆ ಈ ನಮೂನೆಯ ಧ್ವನಿ ಒಗ್ಗುತ್ತಿಲ್ಲವೇನೋ ಎಂದು ಧ್ವನಿಯ ನಮೂನೆ ಬದಲಿಸಿ ಇನ್ನೊಂದು ಡಿಸ್ಕ್ ಮಾಡಿದೆ. ಹಾಡಾದರೂ ಹೇಗೆ ಬರುತ್ತಿದೆ ಎಂದು ಒಂದು ಕ್ಷಣ ಯೋಚಿಸಿದ್ದರೆ ಅದು ಕಾರಣವಲ್ಲ ಎಂದು ಗೊತ್ತಾಗುತ್ತಿತ್ತು. ಸಿಟ್ಟಿನಲ್ಲಿದ್ದವನಿಗೆ ಅಷ್ಟು ವ್ಯವಧಾನ ಇರುವುದಿಲ್ಲ. ಆ ಡಿಸ್ಕನ್ನೂ ಆಕೆ ಒಯ್ದಳು. ಅದರಲ್ಲೂ ಬರೀ ಹಾಡು.

ಮುಂದಿನ ಸಲ ಆಕೆ ಬಂದಾಗ ನಾನು ದನಿ ಏರಿಸಿಯೇ ಮಾತಾಡಿದೆ. “ಅಕ್ಕಾರ, ಆವಾಜ ಐತಿ. ನಾ ನಾಕ ಸಲ ಕೇಳೀನಿ. ನಿಮಗ ಕೇಳಸಂಗಿಲ್ಲ ಅಂದರ ನಾ ಏನ ಮಾಡ್ಲಿ? ಗಿರಣಿ ಸಪ್ಪಳಕ್ಕ ಕಿವಿ ಮಂದ ಆಗಿರಬೇಕು, ಒಮ್ಮಿ ದವಾಖಾನಿಗಿ ತೋರಸ್ರಿ.”

ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಆಕೆ ಡಬ್ಬಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು.

“ಮಂದ ಆಗಿದ್ರೂ ಆಗಿರಬೌದು ಬಿಡ್ರಿ,” ಎಂದಳು. “ಆದರ ಒಂದ ಮಾತ ಹೇಳ್ತೀನಿ. ನನಗ ಊರ ಮಂದಿ ಗಿರಣಿ ಅಕ್ಕ ಅಂತಾರ. ಮಗಳು ಅವ್ವ ಅಂತಾಳ, ಮೊಮ್ಮಗ ಅಮ್ಮ ಅಂತಾನ. ನಮ್ಮ ಅಪ್ಪ ಅವ್ವ ಇಲ್ಲ, ಅಣ್ಣ ಇಲ್ಲ. ಗಿರಣಿ ನಮ್ಮ ಯಜಮಾನ್ರು ನಡಸೂವಾಗ ಆ ಸಪ್ಪಳದಾಗ ಹೆಸರ ಹಿಡದು ಒದರತಿದ್ದರು, ದಿನಕ್ಕ ಹತ್ತ ಸಲ. ಎಂಟ ವರ್ಷಾತು, ನನ್ನ ಹೆಸರ ಒದರಿದವರಿಲ್ಲ. ರೇಷನ್ ಅಂಗಡ್ಯಾಗ ಒಬ್ಬರು ಓದತಾರ, ಅದೂ ತಪ್ಪ ಓದತಾರ.”

ಅಷ್ಟು ಹೇಳಿ ಎದ್ದು ಬಸ್‌ಸ್ಟ್ಯಾಂಡಿನ ಕಡೆ ಹೋದಳು. ಆಕೆ ತಿರುಗಿ ತಂದಿದ್ದ ಡಿಸ್ಕ್ ಮೇಜಿನ ಮೇಲೆಯೇ ಉಳಿಯಿತು.

ಆ ವಾರ ಲಿಂಗಸೂಗೂರಿನಲ್ಲಿ ನನಗೆ ಒಂದು ಮನೆ ಪ್ರವೇಶದ ಕೆಲಸವಿತ್ತು. ಮುಗಿಸಿ ಹಿಂದಿರುಗುವಾಗ ಮಧ್ಯಾಹ್ನ ಮಸ್ಕಿಯಲ್ಲಿ ಇಳಿದೆ. ಆಕೆಯ ಮೇಲಿನ ಕನಿಕರವೋ, ನಾನೇ ಸರಿ ಎಂದು ತೋರಿಸುವ ಹಟವೋ ಎಂದು ಕೇಳಿದರೆ ಹಟವೇ ಹೆಚ್ಚು. ಕೇಳಿದ ಮೊದಲನೆಯವನೇ ಗಿರಣಿ ಅಕ್ಕನ ಮನೆ ತೋರಿಸಿದ. ಆಕೆ ಗಿರಣಿ ನಿಲ್ಲಿಸಿ, ಕೈ ಝಾಡಿಸಿಕೊಂಡು ಒಳಗೆ ಕರೆದಳು.

ಯಜಮಾನರು ಟೀವಿಯ ಎದುರಿಗೆ ಕಬ್ಬಿಣದ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಅಗಲವಾದ ಹಣೆ, ಬೆಳಿಗ್ಗೆಯೇ ಕ್ಷೌರ ಮಾಡಿದ ಮುಖ. ಎಡಗೈ ಎತ್ತಿ ನಮಸ್ಕಾರ ಮಾಡಿದರು. ಆಕೆ ಬಿಟ್ಟುಹೋಗಿದ್ದ ಡಿಸ್ಕನ್ನು ನನ್ನ ಚೀಲದಿಂದ ತೆಗೆದು ಹಾಕಿದೆ. ಬಾಗಿಲಿನ ದೃಶ್ಯ ಬಂತು, ಚಿತ್ರದಲ್ಲಿ ಅವರ ಬಾಯಿ ಆಡಿತು, ಕೇಳಿದ್ದು ಹಾಡು ಮಾತ್ರ. ದನಿ ಏರಿಸಿದೆ, ಹಾಡೇ ಏರಿತು. ಆಕೆಯ ಕಿವಿ ನನ್ನ ಕಿವಿಗಿಂತ ಚೆನ್ನಾಗಿತ್ತು.

ಕೊನೆಗೆ ಟೀವಿಯನ್ನು ಗೋಡೆಯಿಂದ ಅರ್ಧ ತಿರುಗಿಸಿ ಹಿಂದೆ ನೋಡಿದೆ. ಪ್ಲೇಯರಿನಿಂದ ಮೂರು ವೈರು ಬಂದಿದ್ದವು. ಚಿತ್ರದ್ದು ಹಳದಿ, ಧ್ವನಿಯವು ಕೆಂಪು ಮತ್ತು ಬಿಳಿ. ಟೀವಿಯಲ್ಲಿ ಧ್ವನಿಗೆ ಇದ್ದದ್ದು ಒಂದೇ ತೂತು. ಅದರಲ್ಲಿ ಕೆಂಪು ಪಿನ್ನು ಕೂತಿತ್ತು. ಬಿಳಿಯದು ಕೆಳಗೆ ಜೋತಾಡುತ್ತಿತ್ತು. ಅದರ ತಲೆಗೆ ಕರಿ ಟೇಪು ಸುತ್ತಿ, ತುದಿಯನ್ನು ಸಣ್ಣಗೆ ಮಡಚಿದ್ದರು.

ಹಾಗೆ ತುದಿ ಮಡಚುವುದು ನನ್ನ ಅಭ್ಯಾಸ. ಬಿಚ್ಚುವಾಗ ಉಗುರಿಗೆ ಸಿಗಲಿ ಎಂದು ಈಗಲೂ ಹಾಗೆಯೇ ಮಾಡುತ್ತೇನೆ. ನೋಡುತ್ತಿದ್ದಂತೆ ಎಲ್ಲ ನೆನಪಾಯಿತು. ಲಿಂಗಸೂಗೂರಿನಲ್ಲಿ ಒಂದೆರಡು ಸೀಸನ್ ನಾವು ಹಾಡನ್ನು ಬಲಕ್ಕೆ, ಮಂದಿಯ ಮಾತನ್ನು ಎಡಕ್ಕೆ ಬೇರೆ ಬೇರೆ ಹಾಕಿ ಸೀಡಿ ಮಾಡಿದ್ದೆವು. ಸೀಡಿ ತಲುಪಿಸಲು ಹೋದವರು ಪ್ಲೇಯರನ್ನೂ ಜೋಡಿಸಿಕೊಟ್ಟು, ಊಟ ಮಾಡಿಕೊಂಡು ಬರುವುದು ರೂಢಿ. ಒಂದೇ ತೂತಿನ ಟೀವಿ ಇದ್ದ ಮನೆಗಳಲ್ಲಿ ನಾನು ಕೆಂಪು ಸಿಕ್ಕಿಸಿ, ಬಿಳಿಗೆ ಟೇಪು ಸುತ್ತಿ ಬರುತ್ತಿದ್ದೆ. ಹಾಡು ಕೇಳಿದರೆ ಮನೆಯವರಿಗೆ ಖುಷಿ, ಗದ್ದಲ ಯಾರಿಗೆ ಬೇಕು? ಆಮೇಲೆ ಪ್ಲೇಯರು ಬದಲಾಗಿದ್ದರೂ ಯಾರೋ ಹಳೆಯ ವೈರನ್ನೇ ಇದ್ದ ಹಾಗೆ ಜೋಡಿಸಿದ್ದರು. ನನ್ನ ಅಂಗಡಿಯಲ್ಲಿ ಎರಡು ಸ್ಪೀಕರುಗಳಿದ್ದುದರಿಂದ ನನಗೆ ಎರಡೂ ಕೇಳಿದ್ದವು. ಕಲಸಿದ ಅನ್ನ ಎಂದು ನಾನು ಹೇಳಿದ್ದು ಸುಳ್ಳು. ಇಪ್ಪತ್ತೈದು ವರ್ಷದಿಂದ ದನಿ ಈ ಮನೆಯಲ್ಲೇ, ನಾನು ಸುತ್ತಿದ ಟೇಪಿನೊಳಗೆ ಇತ್ತು. ದನಿಗಾಗಿ ಹೊಸ ಡಿಸ್ಕ್ ಒಂದೂ ಬೇಕಿರಲಿಲ್ಲ.

“ಅಕ್ಕಾರ, ತಪ್ಪು ನಂದು,” ಎಂದೆ. “ಈ ಟೇಪ ನಾನ ಸುತ್ತೀನಿ.”

ಆಕೆಗೆ ಅದೇನೆಂದು ಪೂರ್ತಿ ತಿಳಿಯಲಿಲ್ಲ. “ಇರಲಿ ಬಿಡ್ರಿ, ಈಗ ಬರತೈತೇನು?” ಎಂದಳು.

ಟೇಪು ಬಿಚ್ಚಿದೆ. ಕೆಂಪು ಕಿತ್ತು ಬಿಳಿ ಸಿಕ್ಕಿಸಿದೆ. ಹಾಡು ಪೂರ್ತಿ ಮಾಯವಾಯಿತು. ಹೆಂಗಸರ ನಗೆ, ಎಲ್ಲೋ ತಟ್ಟೆ ಬಿದ್ದ ಸಪ್ಪಳ, “ಹೆಸರ ಹೇಳ್ದೆ ಬಿಡಂಗಿಲ್ಲ” ಎಂಬ ಒಂದು ಮುದಿ ದನಿ. ಆಮೇಲೆ ತುಂಬುಗಂಟಲಿನ ಗಂಡು ದನಿ: “ಗುಡ್ಡದ ಮ್ಯಾಲ ಗುಡಿ, ಗುಡ್ಡದ ಕೆಳಗ ಗಿರಣಿ, ಹಾದಿ ಬಿಡ್ರೆವ್ವ ನಮಗ, ದಣದು ಬಂದಾಳ…” ಎಂದು ಹೇಳಿ ಆಕೆಯ ಹೆಸರು ಹೇಳಿತು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ.

ಯಜಮಾನರು ಎಡಗೈಯಿಂದ ಮಂಚದ ಕಬ್ಬಿಣಕ್ಕೆ ಎರಡು ಸಲ ಬಡಿದರು. ಮತ್ತೆ ಹಾಕು ಎಂದು ನನಗೂ ಅರ್ಥವಾಯಿತು. ಮತ್ತೆ ಹಾಕಿದೆ. ಆಕೆ ಗೋಡೆಗೆ ಒರಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿದಳು. ಅತ್ತಳೋ ನಕ್ಕಳೋ ನಾನು ನೋಡಲಿಲ್ಲ, ನೋಡಬಾರದೆನಿಸಿತು. “ಚಾ ಮಾಡ್ತೀನಿ, ಕುಂದರ್ರಿ,” ಎಂದು ಒಳಗೆ ಹೋದಳು. ಪಾತ್ರೆಯ ಸಪ್ಪಳ, ಸ್ಟೌವಿನ ಭರ್ರೋ ಶಬ್ದ ಶುರುವಾಯಿತು.

ಮಂಚದಿಂದ ಮತ್ತೆ ಎರಡು ಬಡಿತ. ನಾನು ದೃಶ್ಯವನ್ನು ಹಿಂದಕ್ಕೆ ಒಯ್ದು, ದನಿ ಏರಿಸಿ ಬಿಟ್ಟೆ. ಟೀವಿಯಿಂದ ಆ ದನಿ ಗುಡಿ ದಾಟಿ, ಗಿರಣಿ ದಾಟಿ, ಆಕೆಯ ಹೆಸರು ಹೇಳಿತು.

“ಓ, ಬಂದ್ನಿ,” ಎಂದಳು ಆಕೆ ಒಳಗಿನಿಂದ. ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಾ ಓಡಿಬಂದು ಮಂಚದ ಹತ್ತಿರ ನಿಂತು, ಗಂಡನ ಮುಖ ನೋಡಿ, “ಏನ್ರೀ?” ಎಂದಳು.