ನೊಣದ ಮುಚ್ಚಳ, ಕಣಜದ ತೂತು

ಕೆಲಸವಿಲ್ಲದವರು ನೊಣ ಹೊಡೆಯುತ್ತಾರೆ ಎಂದು ಜನ ಆಡಿಕೊಳ್ಳುತ್ತಾರೆ. ನನಗೆ ಅದೇ ಕೆಲಸಕ್ಕೆ ಸರ್ಕಾರ ಸಂಬಳ ಕೊಡುತ್ತದೆ. ಯಳಂದೂರಿನ ವ್ಯವಸಾಯ ಕಚೇರಿಯಲ್ಲಿ ನಾನು ಇನ್‌ಸ್ಪೆಕ್ಟರು. ಕೈಯಲ್ಲೊಂದು ಭೂತಗನ್ನಡಿ, ತಲೆಯಲ್ಲಿ ಒಂದಿಷ್ಟು ಪುಸ್ತಕದ ವಿದ್ಯೆ. ಆ ವಿದ್ಯೆ ಅಗರದ ಹೀರೇಕಾಯಿ ಚಪ್ಪರದ ಕೆಳಗೆ ಮಣ್ಣುಮುಕ್ಕಿದ ಸಂಗತಿಯನ್ನು ನಿಮ್ಮೆದುರು ಒಪ್ಪಿಕೊಳ್ಳಲು ನನಗೀಗ ನಾಚಿಕೆಯಿಲ್ಲ.

ಚಪ್ಪರ ಮಾದಮ್ಮನವರದು. ಗಂಡನಿಲ್ಲದ ಅವರಿಗೆ ಬೇಸಿಗೆ ಕಳೆಯಲು ಇದ್ದದ್ದು ಅದೊಂದೇ. ಹಣ್ಣುನೊಣ ಎಳೆಗಾಯಿಗೆ ಮೊಟ್ಟೆಯಿಟ್ಟು, ಕಾಯೆಲ್ಲ ಒಳಗೊಳಗೇ ಹುಳುಬಿದ್ದು ಕೊಳೆಯುತ್ತಿತ್ತು. ಕೆಲವು ಕಾಯಿ ತಂದು, ಮರಳು ಹಾಸಿದ ಗಾಜಿನ ಭರಣಿಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟಿದೆ. ಹುಳುಗಳು ಮರಳಿಗಿಳಿದು ಅಕ್ಕಿಕಾಳಿನಂಥ ಗೂಡುಗಳಾದವು. ಆಮೇಲೆ ನೋಡಿದರೆ ಭರಣಿಯಲ್ಲಿ ನೊಣಗಳ ಜೊತೆಗೆ, ಬಾಲದಲ್ಲಿ ಸೂಜಿಯಿದ್ದ ಸಣ್ಣ ಕೆಂಪು ಕಣಜಗಳೂ ಹಾರಾಡುತ್ತಿದ್ದವು! ಅಂಥದೇ ಕಣಜ ಚಪ್ಪರದಲ್ಲಿ ಕಾಯಿಗೆ ಸೂಜಿ ಇಳಿಸುವುದನ್ನು ಕಂಡಿದ್ದೆ. ನೊಣದ ಜೊತೆಗೆ ಕಾಯಿ ಕೆಡಿಸುವ ಇನ್ನೊಬ್ಬ ಕಳ್ಳ ಸಿಕ್ಕಿಬಿದ್ದ ಎಂದುಕೊಂಡು, ಕಣಜ ಕೊಲ್ಲಲು ಹೊಗೆಸೊಪ್ಪಿನ ಕಷಾಯವನ್ನೂ ಸಾಕ್ಷಿಗೆ ಭರಣಿಯನ್ನೂ ಸೈಕಲ್ಲಿಗೆ ಕಟ್ಟಿಕೊಂಡು ಅಗರಕ್ಕೆ ಹೋದೆ.

ಮಾದಮ್ಮನವರ ತವರು ಗಡಿಯಾಚೆ, ಮದ್ರಾಸಿಗೆ ಸೇರಿದ ಕೊಳ್ಳೇಗಾಲದಲ್ಲಿ. ರೇಷ್ಮೆಹುಳು ಸಾಕುವ ಮನೆ. ತೂತಾದ ಗೂಡಿನಿಂದ ನೂಲು ತೆಗೆಯಲಾಗದೆಂದು ಅಲ್ಲಿ ಹೆಂಗಸರು ಗೂಡನ್ನು ಮೊರಕ್ಕೆ ಸುರಿದು ಒಂದೊಂದನ್ನೂ ತಿರುಗಿಸಿ ನೋಡಿ ಆರಿಸುತ್ತಾರೆ. ನನ್ನ ಕಷಾಯಕ್ಕೆ ಅವರು ಹೂಂ ಅನ್ನಲಿಲ್ಲ. ಭರಣಿಯ ಗೂಡುಗಳನ್ನು ಮೊರಕ್ಕೆ ಸುರಿದುಕೊಂಡು, ಬಿಸಿಲಿಗೆ ಕೂತು, ಖಾಲಿಯಾದವನ್ನು ಎರಡು ರಾಶಿ ಮಾಡಿದರು.

“ಇಲ್ನೋಡಿ ಸಾ. ಇವು ಮುಚ್ಚಳ ತಗ್ದಂಗೆ ಬುಟ್ಕಂಡವೆ, ನೊಣ ಎದ್ದೋಗಿರೋವು. ಇವ್ಕೆ ಕಡ್ದಿರೋ ತೂತು. ಎರಡೂ ನೊಣದ ಗೂಡೇ ಕಣ್ರಿ. ನಿಮ್ ಕಣಜ ಒಳಗಿರೋ ನೊಣನ ತಿಂದ್ಕಂಡು ಈಚೆ ಬಂದದೆ.”

“ಅದು ಕಾಯಿಗೆ ಚುಚ್ಚಿದ್ದನ್ನ ನಾನೇ ನೋಡಿದ್ದೀನಲ್ಲಮ್ಮ!”

“ಕಾಯ್ಗಲ್ಲ ಸಾ, ಒಳಗಿರೋ ಉಳಕ್ಕೆ ಚುಚ್ತದೆ.”

ನಾನು ನಂಬಲಿಲ್ಲ. ಇನ್ನೂ ಒಡೆಯದ ಗೂಡೊಂದನ್ನು ಗುಂಡುಸೂಜಿಯಿಂದ ಬಿಡಿಸಿ ಭೂತಗನ್ನಡಿ ಹಿಡಿದೆ. ನೊಣದ ಗೂಡಿನೊಳಗೆ, ತನ್ನ ಸೂಜಿಯನ್ನು ಬೆನ್ನಿಗೆ ಮಡಿಸಿಕೊಂಡು ಕಣಜ ಮಲಗಿತ್ತು. ಆ ಚಪ್ಪರದ ಕಾವಲುಗಾರನನ್ನೇ ಕೊಲ್ಲಿಸಲು ಹೊರಟಿದ್ದೆನಲ್ಲ! ಸಿಪ್ಪೆಯ ಮೇಲೆ ಕೂತು, ಒಳಗೆಲ್ಲೋ ಇರುವ ಹುಳುವಿಗೆ ಗುರಿಯಿಡುವ ಆ ಕಣಜವನ್ನು ಹೆಚ್ಚು ಮೆಚ್ಚಬೇಕೋ, ಮಾದಮ್ಮನವರ ಕಣ್ಣನ್ನೋ, ನನಗೆ ತಿಳಿಯಲಿಲ್ಲ. ಕಷಾಯ ಸೈಕಲ್ಲಿನಲ್ಲೇ ಉಳಿಯಿತು. ಆಮೇಲಿನ ಕೊಯ್ಲಿನಲ್ಲಿ ಸಂತೆಗೆ ಒಯ್ಯುವಷ್ಟು ಒಳ್ಳೆಯ ಕಾಯಿ ಸಿಕ್ಕಿತು.

ಗೂಡಿನಲ್ಲಿ ಸಿಕ್ಕ ಆ ಕಣಜವನ್ನು ಬೆಂಕಿಪೊಟ್ಟಣದಲ್ಲಿ ಹತ್ತಿಯ ಮೇಲಿಟ್ಟು ಹೆಸರು ತಿಳಿಯಲು ಮೇಲಿನ ಕಚೇರಿಗೆ ಕಳಿಸಿದೆ. ಚೀಟಿಯಲ್ಲಿ ಮೂರು ಸಾಲು: ಊರು, ಬೆಳೆ, ಪತ್ತೆ ಮಾಡಿದವರು. ಮೂರನೆಯ ಸಾಲಿನಲ್ಲಿ ಲೇಖನಿ ತುಸು ತಡೆಯಿತು, ಸುಳ್ಳೇಕೆ ಹೇಳಲಿ. ಕೊನೆಗೆ ‘ಮಾದಮ್ಮ, ಅಗರ’ ಎಂದು ಬರೆದೆ.

ಉತ್ತರದಲ್ಲಿ ಬಂದ ಲ್ಯಾಟಿನ್ ಹೆಸರನ್ನು ಚಪ್ಪರದ ಕೆಳಗೆ ನಿಂತು ಎರಡು ಉಸಿರಿನಲ್ಲಿ ಓದಿದೆ. “ಅಷ್ಟುದ್ದ ಕೂಗೋ ಒತ್ಗೆ ಕಣಜ ಪುರ್ ಅಂತ ಆರೋಯ್ತದಲ್ಲ ಸಾ” ಎಂದು ಮಾದಮ್ಮನವರು ನಕ್ಕರು. ಕಾಗದದ ತುದಿಯಲ್ಲಿ ಮೇಲಿನ ಕಚೇರಿಯ ಸಾಹೇಬರ ಒಂದು ಪ್ರಶ್ನೆಯೂ ಇತ್ತು: ಈ ಮಾದಮ್ಮ ಯಾವ ಊರಿನ ಕಾಲೇಜಿನಲ್ಲಿ ಓದಿದವರು?

‘ಕೊಳ್ಳೇಗಾಲ’ ಎಂದು ಬರೆದು ಕಳಿಸಿದ್ದೇನೆ. ಅಲ್ಲಿ ಕಾಲೇಜೇ ಇಲ್ಲವಲ್ಲ ಎಂದು ಅವರು ಮತ್ತೆ ಬರೆದರೆ, ಒಂದು ಮೊರವನ್ನು ಪಾರ್ಸೆಲ್ ಮಾಡಲೆಂದು ತೆಗೆದಿರಿಸಿದ್ದೇನೆ.