ಹುಳದ ಮನೆಗೆ ತಕ್ಕ ತೋಟದ ಪತ್ರಿಕೆ

ಜಂಗಮಕೋಟೆಯಲ್ಲಿ ಆದಿಲಕ್ಷ್ಮಮ್ಮನ ಹಿತ್ತಲು ನೋಡಿ ಬಂದ ಹೆಂಗಸರಿಗೆ ತಮ್ಮ ಹಿತ್ತಲು ಒಂದೆರಡು ದಿನ ಸಪ್ಪೆಯಾಗಿ ಕಾಣುತ್ತಿತ್ತು. ಇದರಲ್ಲಿ ಉಪ್ಪುಖಾರ ಹಚ್ಚಿ ಹೇಳುವಂಥದ್ದೇನೂ ಇಲ್ಲ. ಬಚ್ಚಲ ನೀರು ಹೋಗುವ ದಾರಿಯಲ್ಲೇ ಬಾಳೆ, ಅದರ ಪಕ್ಕಕ್ಕೆ ದಂಟು, ಗೋಡೆಯ ಮೇಲೆ ಹೀರೆ, ನಡುವೆ ಚಪ್ಪರದವರೆ. ಒಂದು ತಂಬಿಗೆ ನೀರನ್ನೂ ಆಕೆ ಸುಮ್ಮನೆ ಚೆಲ್ಲಿದ್ದನ್ನು ಯಾರೂ ಕಂಡವರಿಲ್ಲ. ಚಿಂತಾಮಣಿ ಕಡೆ, ಅಂಬಾಜಿದುರ್ಗದ ಬುಡದ ಹಳ್ಳಿಯಲ್ಲಿ ಹುಟ್ಟಿ, ಕುಡಿಯುವ ನೀರಿಗೇ ದೂರದ ಬಾವಿಗೆ ನಡೆದವಳು ಆಕೆ. ಜಂಗಮಕೋಟೆಗೆ ಸೊಸೆಯಾಗಿ ಬಂದು, ಬಚ್ಚಲ ಹಿಂದೆ ನೀರು ಸುಮ್ಮನೆ ಹರಿದುಹೋಗುವುದನ್ನು ಕಂಡಾಗ ಅವಳ ಹೊಟ್ಟೆ ಉರಿದುಹೋಯಿತಂತೆ. ಮದುವೆಯ ಅರಿಸಿನ ಮಾಸುವ ಮೊದಲೇ ಅಲ್ಲೊಂದು ಬಾಳೆಕಂದು ನೆಟ್ಟಿದ್ದಳು.

ಅವಳಿಗೆ ಇನ್ನೊಂದು ಹೆಮ್ಮೆಯೂ ಇತ್ತು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದಳು. ಆ ಮನೆಯಲ್ಲಿ ಅಕ್ಷರ ಬಲ್ಲ ಮೊದಲ ಹೆಂಗಸು ಅವಳೇ. ಅತ್ತೆ ಕದಿರಮ್ಮನಿಗೆ ಈ ಓದು ಅಷ್ಟಾಗಿ ಹಿಡಿಸುತ್ತಿರಲಿಲ್ಲ. ಹಾಗೆಂದು ಬೈದವರೂ ಅಲ್ಲ. ಸೊಸೆ ಕಾಗದ ಹಿಡಿದು ಕೂತರೆ, ಸೊಪ್ಪು ಹೆಚ್ಚುವ ಕತ್ತಿಯ ಸದ್ದನ್ನು ಸ್ವಲ್ಪ ಜೋರು ಮಾಡುತ್ತಿದ್ದರು, ಅಷ್ಟೇ. ಮನೆ ತುಂಬ ರೇಷ್ಮೆಹುಳ. ಹುಳಕ್ಕೆ ಹೊತ್ತಿಗೆ ಸರಿಯಾಗಿ ಹಿಪ್ಪುನೇರಳೆ ಸೊಪ್ಪು ಬೀಳಬೇಕು, ಓದು ಆಮೇಲೆ. ಅದು ಆ ಮನೆಯ ಕಟ್ಟುನಿಟ್ಟು.

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಊರಿನಲ್ಲಿ ಮಹಿಳಾ ಸಮಾಜ ಶುರುವಾಯಿತು. ಮನೆ ಹಿತ್ತಲಲ್ಲಿ ಕಾಯಿಪಲ್ಲೆ ಬೆಳೆಯುವವರಿಗೆಂದು ಸಮಾಜಕ್ಕೆ ಒಂದು ತೋಟದ ಪತ್ರಿಕೆ ತರಿಸುವುದೆಂದು ಮಾತಾಯಿತು. ಒಂದೇ, ಎರಡಲ್ಲ. ಗ್ರಾಮಸೇವಿಕೆ ಶಿಡ್ಲಘಟ್ಟದಿಂದ ಎರಡು ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಕಟ್ಟು ಕಟ್ಟಿ ತಂದು ಮುಂದಿಟ್ಟಳು. ಒಂದಕ್ಕೆ ದಪ್ಪ ಹೊಳೆಯುವ ಕಾಗದ, ಮುಖಪುಟದ ಮೇಲೆ ಬಣ್ಣದ ಗುಲಾಬಿ. ಇನ್ನೊಂದು ತೆಳ್ಳಗೆ, ಬಡಕಲು, ಮುಟ್ಟಿದರೆ ಬೆರಳಿಗೆ ಮಸಿ. ಹೆಂಗಸರು ಅಲ್ಲೇ ಅವಕ್ಕೆ ಗುಲಾಬಿ ಪತ್ರಿಕೆ, ಮಸಿ ಪತ್ರಿಕೆ ಎಂದು ನಾಮಕರಣ ಮಾಡಿಬಿಟ್ಟರು.

ಸಮಾಜದ ಅಧ್ಯಕ್ಷೆ ಪಟೇಲರ ಹೆಂಡತಿ ಯಶೋದಮ್ಮ. ಅವರಿಗೆ ಗುಲಾಬಿ ಪತ್ರಿಕೆಯೇ ಆಗಬೇಕು. ಬೆಂಗಳೂರಿನ ಅಣ್ಣನ ಮನೆಯಲ್ಲಿ ಅದನ್ನು ನೋಡಿ ಬಂದಿದ್ದರು. ಮಸಿ ಪತ್ರಿಕೆ ಮೇಜಿನ ಮೇಲಿಟ್ಟರೆ ಬಂದವರು ಏನಂದುಕೊಂಡಾರು ಎಂಬುದು ಅವರ ಕೊರಗು. ಉಳಿದವರು ಮಾತ್ರ ಆದಿಲಕ್ಷ್ಮಮ್ಮನ ಮುಖ ನೋಡಿದರು. ತೋಟದ ವಿಚಾರವಲ್ಲವೇ, ಅವಳು ಹೇಳಿದ್ದೇ ಆಗಲಿ ಎಂದರು. ಯಶೋದಮ್ಮನ ಮುಖ ಸ್ವಲ್ಪ ಬಿಗಿಯಿತು.

"ಓದಿ ಹೇಳಲ್ಲ ಯಶೋದಮ್ಮನೋರೆ, ಬೆಳೆದು ಹೇಳ್ತೀನಿ," ಎಂದಳು ಆದಿಲಕ್ಷ್ಮಮ್ಮ. ಮಾತು ಕೇಳಲು ಚೆನ್ನಾಗಿತ್ತು. ಆಡಿದವಳ ಎದೆಯೂ ಉಬ್ಬಿತು. ಆದರೆ ಇಡೀ ಸಮಾಜದ ಎದುರು ತನ್ನ ಹೆಸರನ್ನೇ ಒತ್ತೆಯಿಟ್ಟು ಬಂದಿದ್ದೇನೆಂದು ಅವಳಿಗೆ ಹೊಳೆದದ್ದು ಮನೆ ಸೇರಿದ ಮೇಲೆ.

ಹಿತ್ತಲನ್ನು ಎರಡು ಪಾಲು ಮಾಡಿದಳು. ಮೋಸ ಮಾಡಿದಳು ಎಂದು ಯಾರೂ ಅನ್ನಬಾರದೆಂದು, ನೀರಿಗೆ ಹತ್ತಿರವಿದ್ದ ಒಳ್ಳೆಯ ಪಾಲನ್ನು ಗುಲಾಬಿ ಪತ್ರಿಕೆಗೇ ಬಿಟ್ಟಳು. ಅದು ಹೇಳಿದಂತೆ ಯಶೋದಮ್ಮ ಕೊಟ್ಟ ಡೇಲಿಯಾ ಗೆಡ್ಡೆ ನೆಟ್ಟಳು. ಮಸಿ ಪತ್ರಿಕೆ ಹೇಳಿದಂತೆ ಹೊಸ ಚಪ್ಪರ ಹಾಕಿ ಅವರೆ ಹಬ್ಬಿಸಿದಳು. ಗಂಡ ಮುನಿವೆಂಕಟಪ್ಪ ಎರಡೂ ಪತ್ರಿಕೆಗಳನ್ನು ತಿರುವಿ ಹಾಕಿ, ಗುಲಾಬಿಯದೇ ವಾಸಿ, ಮರಿಹುಳದ ತಟ್ಟೆಗೆ ಹಾಸಲು ಕಾಗದ ಗಟ್ಟಿಯಾಗಿದೆ ಎಂದು ತೀರ್ಪು ಕೊಟ್ಟ. ಅವನಿಗೆ ಊಟಕ್ಕಿಡುವುದು ಆ ದಿನ ಸ್ವಲ್ಪ ತಡವಾಯಿತು.

ಡೇಲಿಯಾ ಅರಳಿತು ನೋಡಿ, ಊಟದ ತಟ್ಟೆಯಷ್ಟಗಲ! ಬೀದಿಗೆ ಬೀದಿಯೇ ಬಂದು ನೋಡಿತು. ಯಶೋದಮ್ಮ ನೆಂಟರನ್ನೂ ಕರೆತಂದು ತೋರಿಸಿದರು. ಇತ್ತ ಅವರೆ ಹೂಬಿಟ್ಟಿತ್ತು, ಬಿಟ್ಟ ಹೂವಿನ ತುಂಬ ಕರಿಹೇನು. ಆದಿಲಕ್ಷ್ಮಮ್ಮನಿಗೆ ಅನ್ನ ಸೇರಲಿಲ್ಲ. ಎರಡೂ ಪತ್ರಿಕೆ ತೆಗೆದು ಹೇನಿಗೆ ಮದ್ದು ಹುಡುಕಿದಳು. ಗುಲಾಬಿ ಪತ್ರಿಕೆ ಹೊಗೆಸೊಪ್ಪಿನ ನೀರು ಹೊಡೆಯಿರಿ ಎಂದಿತ್ತು. ಮಸಿ ಪತ್ರಿಕೆಯೂ ಹೊಗೆಸೊಪ್ಪಿನ ನೀರೇ ಎಂದಿತ್ತು. ಎರಡೂ ಒಂದೇ ಮಾತಾಡಿದ ಮೇಲೆ ಇನ್ನು ಯೋಚನೆ ಏನು? ಅಚ್ಚಾದ ಮಾತಿನಲ್ಲಿ ಅವಳಿಗೆ ಅಷ್ಟು ನಂಬಿಕೆ. ಅಂಗಡಿಯಿಂದ ಹೊಗೆಸೊಪ್ಪು ತಂದು ಹಿತ್ತಲಿನ ಒಲೆಯ ಮೇಲೆ ಕುದಿಯಲಿಟ್ಟಳು.

ಒಳಗೆ ಹುಳ ನಾಲ್ಕನೇ ಜ್ವರದಲ್ಲಿ, ಅಂದರೆ ಪೊರೆ ಕಳಚುವ ಮುನ್ನಿನ ನಿದ್ದೆಯಲ್ಲಿ, ತಲೆಯೆತ್ತಿ ಮಲಗಿತ್ತು. ಆ ಜ್ವರ ಎದ್ದರೆ ಹೊಟ್ಟೆ ಬಿರಿಯ ತಿಂದು ಗೂಡು ಕಟ್ಟುವ ಕಾಲ. ಹುಳ ಮನೆಯಲ್ಲಿರುವಷ್ಟು ದಿನ ಹೊಗೆಸೊಪ್ಪಿನ ಗಾಳಿ ಸೋಕಬಾರದು, ಸೋಕಿದರೆ ಹುಳ ಸಾಯುತ್ತದೆಂದು ಮಾವನವರೇ ಎಲೆಯಡಿಕೆಯ ಚೀಲವನ್ನು ನೆಂಟರ ಮನೆಯಲ್ಲಿಟ್ಟು ಬರುತ್ತಿದ್ದರು. ಇದು ಆದಿಲಕ್ಷ್ಮಮ್ಮನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಹುಳ ಸಾಕದ ಹಳ್ಳಿಯಿಂದ ಬಂದವಳಿಗೆ ಆ ಕಟ್ಟು ಹುಳದ ಕೋಣೆಯ ಬಾಗಿಲಿಗೆ ಮುಗಿಯುತ್ತದೆ ಎಂದೇ ಇತ್ತು. ಹಿತ್ತಲಿಗೂ ಬರುತ್ತದೆಂದು ಹೊಳೆಯಲಿಲ್ಲ. ಹಿಂದಿನ ಜಗುಲಿಯಲ್ಲಿ ಹುಳಕ್ಕೆಂದು ಕೊಯ್ದಿಟ್ಟ ಸೊಪ್ಪಿನ ರಾಶಿ ಅವಳ ಕಣ್ಣಿಗೇ ಬೀಳಲಿಲ್ಲ.

ವಾಸನೆ ಹಿಡಿದು ಓಡಿಬಂದವರು ಕದಿರಮ್ಮ. ಸೆರಗಿನಿಂದ ಮಡಕೆ ಎತ್ತಿ ಊರ ಹೊರಗೆ ಹೋಗಿ ಸುರಿದು ಬಂದರು. ಜಗುಲಿಯ ಸೊಪ್ಪನ್ನೆಲ್ಲ ತಿಪ್ಪೆಗೆ ಹಾಕಿಸಿದರು. ತಾವು ತಲೆಗೆ ನೀರು ಹಾಕಿಕೊಂಡು, ಸೊಸೆಗೂ ಹಾಕಿಸಿ, ಸೀರೆ ಬದಲಿಸಿದ ಮೇಲೇ ಬಾಯಿ ಬಿಟ್ಟದ್ದು. "ಈ ಮನೇಲಿ ಇನ್ನು ಪತ್ರಿಕೆ ಬೇಡ ಕಣಮ್ಮ. ಇದನ್ನ ಹೊರಗೆ ಯಾರ ಹತ್ರಾನೂ ಆಡಬೇಡ."

ಹುಳ ಎದ್ದಿತು, ಸೊಪ್ಪು ಮುಟ್ಟಿತು, ಉಳಿಯಿತು. ಆದಿಲಕ್ಷ್ಮಮ್ಮ ಮಾತ್ರ ಮಂಕಾಗಿ ಓಡಾಡಿದಳು. ಪತ್ರಿಕೆಗಳನ್ನು ವಾಪಸು ಕೊಡಲು ಕಟ್ಟು ಕಟ್ಟುತ್ತಿದ್ದಾಗ ಮಸಿ ಪತ್ರಿಕೆಯ ಆ ಪುಟ ಮತ್ತೆ ಕಣ್ಣಿಗೆ ಬಿತ್ತು. ಕೆಳಗಡೆ ಸಣ್ಣ ಅಕ್ಷರದಲ್ಲಿ, ಉಳಿದದ್ದು ಕೊನೆಯ ಪುಟದಲ್ಲಿ ನೋಡಿ ಎಂದಿತ್ತು. ಕೊನೆಯ ಪುಟ ತಿರುವಿದಳು. ಓದಿದಳು. ಅಲ್ಲೇ ಕುಕ್ಕರಿಸಿ ಕೂತಳು.

ತಿಂಗಳಾದ ಮೇಲೆ ಸಮಾಜ ಸೇರಿದ ದಿನ ಕದಿರಮ್ಮನೂ ಹೊರಟರು. ಎಂದೂ ಬಾರದವರು. ಕಟ್ಟು ವಾಪಸಾಗುವುದನ್ನು ಕಣ್ಣಾರೆ ಕಾಣಬೇಕಿತ್ತು ಅವರಿಗೆ. ಆದಿಲಕ್ಷ್ಮಮ್ಮ ದೊಡ್ಡದೊಂದು ಡೇಲಿಯಾ ಹೂವನ್ನು ಯಶೋದಮ್ಮನ ಕೈಗೆ ಕೊಟ್ಟು, ಹೂವು ಬೆಳೆಸುವುದರಲ್ಲಿ ಗುಲಾಬಿ ಪತ್ರಿಕೆಯದೇ ಮೇಲುಗೈ ಎಂದು ನೇರವಾಗಿ ಒಪ್ಪಿಕೊಂಡಳು. ಯಶೋದಮ್ಮ ನಕ್ಕರು. ಅಲ್ಲಿಗೆ ಸುಮ್ಮನಾಗಿದ್ದರೆ ಮಾನ ಉಳಿಯುತ್ತಿತ್ತು, ಅತ್ತೆಯ ಮಾತೂ ಉಳಿಯುತ್ತಿತ್ತು. ಅವಳು ಸುಮ್ಮನಾಗಲಿಲ್ಲ. ಅತ್ತೆಯ ಕಡೆ ನೋಡದೆ, ಮಡಕೆ ಕುದಿಸಿದ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಹುಳ ಸಾಕುವ ಊರಿನ ಹೆಂಗಸರು ಉಸಿರು ಬಿಗಿಹಿಡಿದು ಕೇಳಿದರು. ಕದಿರಮ್ಮನ ಮುಖ ಕಪ್ಪಿಟ್ಟಿತು.

ಆಮೇಲೆ ಕೊನೆಯ ಪುಟ ತೆಗೆದು ನಿಧಾನವಾಗಿ ಓದಿದಳು: "ರೇಷ್ಮೆಹುಳ ಸಾಕುವ ಮನೆಯವರು ಮಾತ್ರ ಹೊಗೆಸೊಪ್ಪನ್ನು ಹಿತ್ತಲಿಗೂ ತರಬಾರದು. ಅಂಥವರು ಸೋಪಿನ ನೀರನ್ನು ಚಿಮುಕಿಸಿದರೆ ಸಾಕು."

ಸೋಪಿನ ನೀರಿಗೆ ಹೇನು ಉದುರಿದ್ದನ್ನೂ ಹೇಳಿ, ಮಡಿಲಲ್ಲಿದ್ದ ಅವರೆಕಾಯಿಯನ್ನು ಮೇಜಿನ ಮೇಲೆ ಸುರಿದಳು. ತಪ್ಪು ತನ್ನದೇ, ಪುಟ ತಿರುವಲಿಲ್ಲ ಎಂದಳು. ಯಶೋದಮ್ಮ ಹೂವು ಬದಿಗಿಟ್ಟು ಒಂದು ಅವರೆಕಾಯಿ ಸುಲಿದು ನೋಡಿದರು.

"ಇನ್ನೊಂದು ಸಲ ಓದು," ಎಂದರು ಕದಿರಮ್ಮ.

ಓದಿದಳು. ಈ ಸಲ ಅತ್ತೆಯ ಕಡೆ ತಿರುಗಿ.

ಕದಿರಮ್ಮ ಎದ್ದು ನಿಂತರು. "ಎಲ್ಲೋ ಕೂತು ಬರೆಯೋನು, ನಮ್ಮನೇಲಿ ಹುಳ ಐತೆ ಅಂತ ನೆನೆಸ್ಕೊಂಡವ್ನೆ. ನನ್ನ ಸೊಸೆ ಅದನ್ನ ಹುಡುಕಿ ಓದವ್ಳೆ. ಇದನ್ನೇ ತರಿಸ್ರಮ್ಮ," ಎಂದರು.

ಅದನ್ನೇ ತರಿಸಿದರು. ಯಶೋದಮ್ಮನೇ ಮೊದಲು ಕೈಯೆತ್ತಿದರೆಂಬುದನ್ನೂ ಹೇಳಲೇಬೇಕು. ಅಣ್ಣನ ಮನೆಯಿಂದ ತಂದಿದ್ದ ಗುಲಾಬಿ ಪತ್ರಿಕೆಯ ಹಳೆಯ ಪ್ರತಿಗಳನ್ನು ಮುನಿವೆಂಕಟಪ್ಪನ ಹುಳದ ತಟ್ಟೆಗಳಿಗೆ ಹಾಸಲು ಕೊಟ್ಟು ಕಳಿಸಿದವರೂ ಅವರೇ.

ಮಸಿ ಪತ್ರಿಕೆ ತಿಂಗಳು ತಿಂಗಳೂ ಮೊದಲು ಕದಿರಮ್ಮನ ಜಗುಲಿಗೆ ಬರತೊಡಗಿತು. ಆದಿಲಕ್ಷ್ಮಮ್ಮ ಓದುವಳು, ಬೀದಿಯ ಹೆಂಗಸರು ಸೊಪ್ಪು ಬಿಡಿಸುತ್ತ ಕೇಳುವರು. ಕೆಲಸವಿದೆಯೆಂದು ಯಾರಾದರೂ ನಡುವೆ ಏಳಹೋದರೆ ಕದಿರಮ್ಮ ಕತ್ತಿ ಕೆಳಗಿಟ್ಟು ಗದರುತ್ತಿದ್ದರು. "ಕೂತ್ಕೊಳ್ರೇ. ನನ್ನ ಸೊಸೆ ಕಡೇ ಪುಟ ಇನ್ನೂ ಓದಿಲ್ಲ."