ಟೇಪಮ್ಮನ ಬುಧವಾರ

ನಮ್ಮ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳನ್ನು ಎಲ್ಲರೂ ಟೇಪಮ್ಮ ಅನ್ನುತ್ತಿದ್ದರು. ಊಟಕ್ಕೆ ಕೂತಾಗಲೂ ಅಳತೆಯ ಟೇಪು ಅವಳ ಕೊರಳಿನಿಂದ ಇಳಿಯುತ್ತಿರಲಿಲ್ಲ. ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸುತ್ತಿಬಳಸಿ ಹೇಳುವುದೇನಿದೆ? ಅವಳ ಕತ್ತರಿ ನನ್ನದಕ್ಕಿಂತ ನೇರ ಓಡುತ್ತಿತ್ತು. ಅವಳು ಕೈಹೊಲಿಗೆ ಹಾಕಿದರೆ ಬಟ್ಟೆಯ ಮೇಲೆ ದಾರವೇ ಕಾಣುತ್ತಿರಲಿಲ್ಲ. ಗಿರಾಕಿಗಳು ಅವಳನ್ನೇ ಕೇಳಿಕೊಂಡು ಬರುತ್ತಿದ್ದರು. ಅದೆಲ್ಲ ಹಾಳಾಗಿ ಹೋಗಲಿ, ಬುಧವಾರದ ಮಧ್ಯಾಹ್ನವೂ ಅವಳದೇ ಆಗಿತ್ತು.

ಅವಳ ಪಂಥದವರು ಆ ಹೊತ್ತಿಗೆ ಒಟ್ಟಾಗಿ ಪ್ರಾರ್ಥನೆ ಮಾಡುತ್ತಾರೆ. ಧರ್ಮದ ವಿಷಯ, ಕಾನೂನಿದೆ ಎಂದು ಯಜಮಾನರು ರಜೆ ಕೊಟ್ಟು, ಅವಳ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ನನ್ನ ಮಗಳಿದ್ದ ಹಾಸ್ಟೆಲಿನಲ್ಲಿ ಹೊರಗಿನವರನ್ನು ಒಳಗೆ ಬಿಡುತ್ತಿದ್ದುದೂ ಬುಧವಾರ ಮಧ್ಯಾಹ್ನ ಮಾತ್ರ. ದೊಡ್ಡ ರಜೆ ಬರುವ ತನಕ ನನಗೆ ಮಗಳ ಮುಖ ಕಾಣುವ ಭಾಗ್ಯವಿರಲಿಲ್ಲ.

"ನಮ್ಮ ಪ್ರಾರ್ಥನಾ ಮಂದಿರದ ಪಕ್ಕದಲ್ಲೇ ಅಲ್ವಾ ಅಕ್ಕ ಹಾಸ್ಟೆಲು? ಮಗೂನ ನೋಡ್ಕೊಂಡು ಬರ್ಲಾ?" ಎಂದು ಟೇಪಮ್ಮ ಒಮ್ಮೆ ಕೇಳಿದಳು.

"ನಿನ್ನ ಪ್ರಾರ್ಥನೆ ನೀನು ನೋಡ್ಕೋ. ನನ್ನ ಮಗಳನ್ನ ನಾನು ನೋಡ್ಕೋತೀನಿ," ಎಂದೆ.

ಮುಖ ಚಿಕ್ಕದು ಮಾಡಿಕೊಂಡು ಹೋದಳು. ನನಗೆ ಒಳಗೊಳಗೇ ಖುಷಿಯಾಯಿತು.

ಒಂದು ಬುಧವಾರ, ಅವಳು ಗುರುತು ಹಾಕಿಟ್ಟಿದ್ದ ಶಾಲೆಯ ಅಂಗಿಬಟ್ಟೆಯನ್ನು ಸಿಟ್ಟಿನಲ್ಲೇ ಕತ್ತರಿಸಿದೆ. ಒಂದು ಬಿಟ್ಟು ಒಂದು ಪದರವನ್ನು ಮಗುಚಿ ಹಾಸಬೇಕಿತ್ತು. ಎಲ್ಲವನ್ನೂ ಒಂದೇ ಮುಖವಾಗಿ ಹಾಸಿದ್ದೆ. ತೋಳುಗಳೆಲ್ಲ ಎಡಗೈಯವೇ ಆದವು.

"ಎರಡೂ ಕಡೆ ಎಡಗೈ ಇರೋ ಮಕ್ಕಳನ್ನ ಎಲ್ಲಿಂದ ತರ್ಲಿ?" ಎಂದು ಯಜಮಾನರು ಕೂಗಾಡಿದರು.

ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿ ನೇರ ಕಾರ್ಮಿಕ ಇಲಾಖೆಗೆ ಹೋದೆ. ಅವಳ ರಜೆ ತಪ್ಪಿಸಬೇಕೆನ್ನುವುದೊಂದೇ ನನ್ನ ಹಟ.

ಅಲ್ಲಿದ್ದ ಅಧಿಕಾರಿ ಹೆಂಗಸು ಪೂರ್ತಿ ಕೇಳಿಸಿಕೊಂಡರು. "ಅವರ ಪ್ರಾರ್ಥನೆ ನಿಲ್ಲಿಸೋಕಾಗಲ್ಲಮ್ಮ, ಅದು ಅವರ ಹಕ್ಕು." ನನ್ನ ಮುಖ ಸಪ್ಪಗಾಯಿತು. "ಆದ್ರೆ ಅದರ ಭಾರ ಪ್ರತಿ ಸಲ ನಿಮ್ಮೊಬ್ಬರ ಮೇಲೆ ಹಾಕೋ ಹಾಗೂ ಇಲ್ಲ. ಮಗಳನ್ನ ನೋಡ್ಬೇಕು, ಬಿಡುವು ಕೊಡಿ ಅಂತ ಯಾವತ್ತಾದ್ರೂ ಕೇಳಿದ್ರಾ?"

ಕೇಳಿರಲಿಲ್ಲ. ಅವಳದನ್ನು ಕಿತ್ತುಕೊಳ್ಳುವ ಯೋಚನೆಯಲ್ಲೇ ನನ್ನ ಬುದ್ಧಿಯೆಲ್ಲ ಖರ್ಚಾಗಿತ್ತು.

ಅವರು ಯಜಮಾನರನ್ನು ಕರೆಸಿದರು. ಟೇಪಮ್ಮ ತನ್ನ ಪಾಲನ್ನು ಹಿಂದಿನ ದಿನವೇ ಕತ್ತರಿಸಿಡಬೇಕು, ವಾರ ಬಿಟ್ಟು ವಾರ ನನಗೂ ಆ ಮಧ್ಯಾಹ್ನ ಬಿಡಬೇಕು ಎಂದು ತೀರ್ಮಾನವಾಯಿತು. ಟೇಪಮ್ಮ ತಕರಾರಿಲ್ಲದೆ ಒಪ್ಪಿದಳು. ಅದಕ್ಕೂ ನನಗೆ ಉರಿಯಿತು. ನಾನು ಜಗಳಕ್ಕೆ ಟೊಂಕ ಕಟ್ಟಿ ನಿಂತಿದ್ದೆ.

ಮುಂದಿನ ಬುಧವಾರ ಹಾಸ್ಟೆಲಿಗೆ ಓಡಿದೆ. ಮಗಳು ಎಷ್ಟು ಎತ್ತರವಾಗಿದ್ದಳು! ಓಡಿಬಂದು ತಬ್ಬಿಕೊಂಡವಳು ನನ್ನ ಭುಜದ ಮೇಲಿಂದ ಬಾಗಿಲ ಕಡೆ ನೋಡಿದಳು.

"ಟೇಪಮ್ಮ ಆಂಟಿ ಬರ್ಲಿಲ್ವಾ? ವಾರವಾರ ಬರ್ತಿದ್ರಲ್ಲಾ, ನೀನೇ ಕಳಿಸ್ದೆ ಅಂತ."

ಪ್ರಾರ್ಥನೆ ಮುಗಿಸಿ ಬಂದು ಸುಳ್ಳು ಹೇಳುತ್ತಿದ್ದಳು, ನನ್ನ ಹೆಸರಿನಲ್ಲಿ.

"ಹೂಂ, ನಾನೇ ಕಳಿಸ್ತಿದ್ದೆ," ಎಂದೆ.

ಮಗಳ ಸ್ಕರ್ಟಿನ ಅಂಚು ಬಿಚ್ಚಿ ಉದ್ದ ಮಾಡಲಾಗಿತ್ತು. ದಾರವೇ ಕಾಣದ ಆ ಹೊಲಿಗೆ ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ. ನನ್ನ ಮಗಳ ಬಟ್ಟೆಗೆ ನಾನೇ ಹೊಲಿಗೆ ಹಾಕಬೇಕು ಎಂದು, ಬಿಚ್ಚಲು ಅಂಚು ಮಗುಚಿದೆ. ಸ್ವಲ್ಪ ಹೊತ್ತು ನೋಡಿ ಹಾಗೇ ಬಿಟ್ಟೆ. ಅಷ್ಟು ಚೆನ್ನಾಗಿ ನನ್ನ ಕೈಲಿ ಆಗುವುದಿಲ್ಲ.